ಹಳೇ ಪಿಕಪ್ ಎತ್ತರಿಸೋ ಮುಂಚೆ: ಕಮಾನು, ಟೈರು, ಕ್ರೌನ್-ಪಿನಿಯನ್ ಲೆಕ್ಕ

ಈ ಸಲದ ಸಂಚಿಕೆ ಒಂದು ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಮುಳಬಾಗಿಲು ಕಡೆಯ ಕೇಳುಗರೊಬ್ಬರು ಕಳಿಸಿದ್ದರು: "ಅಣ್ಣಾ, ನಮ್ದು 2011ರ ಪಿಕಪ್ಪು. ತೋಟದಿಂದ ಟೊಮೇಟೊ ತುಂಬ್ಕೊಂಡು ಬರೋವಾಗ ಕೆಳಗಡೆ ತಾಗ್ತದೆ. ಗಾಡಿ ಎತ್ತಿಸಿ, 31 ಇಂಚಿನ ಟೈರ್ ಹಾಕ್ಸಾಣ ಅಂತಿದೀನಿ. ನಮ್ಮಪ್ಪ ಬ್ಯಾಡ ಅಂತಾರೆ. ನೀವೇನಂತೀರಾ?"

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಓದಿದವನು. ಈ ಪ್ರಶ್ನೆ ಹಿಡಿದುಕೊಂಡು ಕೋಲಾರ, ಮಾಲೂರು ಕಡೆ ಗ್ಯಾರೇಜುಗಳಲ್ಲಿ ಕೂತೆ, ಕೇಳಿದೆ, ಬರಕೊಂಡೆ. ಗ್ರೀಸ್ ಅವರದು, ಲೆಕ್ಕ ನಂದು.

ವಾಯ್ಸ್ ನೋಟ್‌ನಲ್ಲಿ ಮುಖ್ಯವಾದ ಮಾತು "ಎತ್ತಿಸೋಣ" ಅನ್ನೋದಲ್ಲ, "ತಾಗ್ತದೆ" ಅನ್ನೋದು. ಏನು ತಾಗುತ್ತೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಒಂದು ರೂಪಾಯಿನೂ ಖರ್ಚು ಮಾಡಬೇಡಿ. ಟ್ರ್ಯಾಕ್ಟರ್ ಓಡಾಡಿದ ತೋಟದ ದಾರಿ ಹೇಗಿರುತ್ತೆ ನಿಮಗೆ ಗೊತ್ತು. ಎರಡೂ ಕಡೆ ಚಕ್ರದ ಗಾಡಿ, ನಡುವೆ ಹುಲ್ಲು ಬೆಳೆದ ಉಬ್ಬು. ಆ ಉಬ್ಬಿಗೆ ತಾಗೋದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ತರ ದಪ್ಪಗಿರುತ್ತಲ್ಲ, ಡಿಫರೆನ್ಷಿಯಲ್ ಹೌಸಿಂಗ್, ಅದು.

ಈಗ ಕೇಳಿ. ಹೌಸಿಂಗ್ ಇರೋದು ಆಕ್ಸಲ್ ಮೇಲೆ. ಆಕ್ಸಲ್ ನಿಂತಿರೋದು ಚಕ್ರದ ಮೇಲೆ. ಕಮಾನು ಇರೋದು ಆಕ್ಸಲ್‌ಗೂ ಚಾಸಿಗೂ ನಡುವೆ. ಅಂದ್ರೆ ಕಮಾನು ಎತ್ತಿಸಿದ್ರೆ ಚಾಸಿ ಮೇಲೆ ಹೋಗುತ್ತೆ, ಬಾಡಿ ಮೇಲೆ ಹೋಗುತ್ತೆ, ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತೆ. ನಾಲ್ಕು ಇಂಚು ಎತ್ತಿಸಿದ್ರೂ ಅದೇ ಉಬ್ಬಿಗೆ ಅದೇ ಹೌಸಿಂಗ್ ತಾಗುತ್ತೆ. ಹೌಸಿಂಗ್ ಮೇಲೇರೋದು ದೊಡ್ಡ ಟೈರ್ ಹಾಕಿದಾಗ ಮಾತ್ರ. ಸೈಲೆನ್ಸರ್, ಸ್ಟೆಪ್ನಿ, ಡೀಸೆಲ್ ಟ್ಯಾಂಕ್ ಅಥವಾ ಹಿಂದಿನ ಬಂಪರ್ ತಾಗುತ್ತಿದ್ದರೆ ಅದು ಬೇರೆ ಕಥೆ, ಅಲ್ಲಿ ಕಮಾನಿನ ಕೆಲಸ ಇದೆ.

ಹಾಗಾದರೆ ಹಳೇ ಗಾಡಿ ಮೊದಲು ತಾಗದೇ ಇದ್ದದ್ದು ಈಗ ಯಾಕೆ ತಾಗುತ್ತೆ? ಹೊರೆ ನೋಡಿ. ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ 15 ಕೆಜಿ ಲೆಕ್ಕದಲ್ಲಿ ಹರಾಜಾಗುತ್ತೆ. ಖಾಲಿ ಕ್ರೇಟಿನ ತೂಕಾನೂ ಸೇರಿಸಿ ಒಂದಕ್ಕೆ 17 ಕೆಜಿ ಹಿಡಿಯಿರಿ. ನೂರು ಕ್ರೇಟಿಗೆ 1,700 ಕೆಜಿ. 130 ತುಂಬಿದರೆ 2,210. 2023ರ ಜುಲೈನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ಯಾರು ತಾನೇ ಮೂವತ್ತು ಕ್ರೇಟು ತೋಟದಲ್ಲೇ ಬಿಟ್ಟು ಬರ್ತಾರೆ? ಅದು ನನಗೂ ಅರ್ಥ ಆಗುತ್ತೆ. ಆದರೆ ಕಮಾನಿಗೆ ಮಾರ್ಕೆಟ್ ರೇಟ್ ಗೊತ್ತಿಲ್ಲ. ಹತ್ತು-ಹನ್ನೆರಡು ವರ್ಷ ಹೀಗೆ ಹೊತ್ತ ಪಟ್ಟಿಗಳ ಬಾಗು ಚಪ್ಪಟೆ ಆಗಿರುತ್ತೆ. ಎಷ್ಟೋ ಗಾಡಿಗಳಿಗೆ ಬೇಕಿರೋದು ಹೊಸ ಎತ್ತರ ಅಲ್ಲ, ಕಳಕೊಂಡ ಎತ್ತರ ವಾಪಸ್.

ಅದನ್ನ ಮನೆ ಮುಂದೆನೇ ಅಳೀಬಹುದು. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಬಾಡಿ ಅಂಚಿನವರೆಗೆ ಟೇಪ್ ಹಿಡಿಯಿರಿ. ನಾಲ್ಕೂ ಕಡೆ ಬರಕೊಳ್ಳಿ. ಲೋಡ್ ತುಂಬಿದ ಮೇಲೆ ಮತ್ತೊಮ್ಮೆ. ಒಂದು ಪಕ್ಕ ಹೆಚ್ಚು ಕುಸಿದಿದ್ರೆ ಅಲ್ಲಿ ಪಟ್ಟಿ ಮುರಿದಿರಬಹುದು, ಇಲ್ಲಾ ಬುಷ್ ಹೋಗಿರಬಹುದು. ಮುರಿದ ಪಟ್ಟಿ ಹೊರಗಿನಿಂದ ಕಾಣೋದೇ ಇಲ್ಲ ಕೆಲವು ಸಲ, ನಟ್ಟ ನಡುವಿನ ಬೋಲ್ಟ್ ಹತ್ತಿರಾನೇ ಬಿರುಕು ಬಿಟ್ಟಿರುತ್ತೆ.

ರಿಪೇರಿಗೆ ಎರಡು ದಾರಿ. ಹಳೇ ಪಟ್ಟಿಗಳನ್ನೇ ಬಿಚ್ಚಿ ಬಡಿದು ಮತ್ತೆ ಬಾಗು ಕೊಡೋದು, ಅಥವಾ ಹೊಸ ಸೆಟ್. ಬಡಿದ ಪಟ್ಟಿ ಅಗ್ಗ, ಆದರೆ ದಣಿದ ಉಕ್ಕು ಬೇಗ ಮತ್ತೆ ಮಲಗುತ್ತೆ. ನನ್ನ ಕೇಳಿದ್ರೆ ವರ್ಷಪೂರ್ತಿ ದುಡಿಯೋ ಗಾಡಿಗೆ ಹೊಸ ಸೆಟ್ಟೇ ಸರಿ.

"ಒಂದು ಪಟ್ಟಿ ಎಕ್ಸ್‌ಟ್ರಾ ಹಾಕ್ಬಿಡಿ" ಅನ್ನೋದು ಎಲ್ಲ ಗ್ಯಾರೇಜಲ್ಲೂ ಕೇಳೋ ಮಾತು. ಐದು ಪಟ್ಟಿ ಇರೋ ಕಡೆ ಅದೇ ದಪ್ಪದ ಇನ್ನೊಂದು ಸೇರಿಸಿದ್ರೆ ಬಿಗಿ ಸುಮಾರು ಐದನೇ ಒಂದು ಪಾಲು ಹೆಚ್ಚುತ್ತೆ. ದಪ್ಪ ಬದಲಿಸಿದ್ರೆ ಲೆಕ್ಕ ಬೇರೆ. ಪಟ್ಟಿಯ ಬಿಗಿ ದಪ್ಪದ ಘನದ ಹಾಗೆ ಏರುತ್ತೆ. 8 ಮಿ.ಮೀ. ಪಟ್ಟಿ ಬದಲು 10 ಮಿ.ಮೀ. ಹಾಕಿದ್ರೆ ಆ ಪಟ್ಟಿ ಹೆಚ್ಚೂಕಡಿಮೆ ಎರಡರಷ್ಟು ಬಿಗಿ. ಕಣ್ಣಿಗೆ ಎರಡು ಮಿಲಿಮೀಟರ್ ಅಷ್ಟೇ! ಫುಲ್ ಲೋಡಿದ್ದಾಗ ಚೆನ್ನಾಗಿರುತ್ತೆ. ಅರ್ಧ ಲೋಡಲ್ಲಿ ಹೊರಟರೆ ಪ್ರತಿ ಹಂಪಿನಲ್ಲೂ ಕ್ರೇಟುಗಳು ಎಗರುತ್ತವೆ, ಹಣ್ಣಾದ ಟೊಮೇಟೊ ತಳದಲ್ಲಿ ಜಜ್ಜಿ ಹೋಗುತ್ತೆ. ಶ್ರೀನಿವಾಸಪುರದ ಮಾವಿನವರಿಗೆ ಇದನ್ನ ನಾನು ಹೇಳಬೇಕಾಗಿಲ್ಲ. ಪೆಟ್ಟು ಬಿದ್ದ ಹಣ್ಣು ಮಂಡಿಗೆ ಬರೋವಾಗ ಚೆನ್ನಾಗೇ ಕಾಣುತ್ತೆ, ಎರಡು ದಿನ ಬಿಟ್ಟು ಕಪ್ಪಾಗುತ್ತೆ. ಮಾಲೂರಲ್ಲಿ ಬರೀ ಇಟ್ಟಿಗೆ ಹೊಡೆಯೋ ಗಾಡಿಗೆ ಬಿಗಿ ಕಮಾನು ನಡೆಯುತ್ತೆ, ಹಣ್ಣು ತರಕಾರಿಗೆ ನಡೆಯಲ್ಲ.

ಇನ್ನು ಎತ್ತರಿಸೋ ಕಿಟ್‌ಗಳು. ಒಂದು, ಉದ್ದನೆ ಶಾಕಲ್. ಶಾಕಲ್ ಎರಡು ಇಂಚು ಉದ್ದ ಮಾಡಿದ್ರೆ ಗಾಡಿ ಏಳೋದು ಸುಮಾರು ಒಂದೇ ಇಂಚು, ಯಾಕಂದ್ರೆ ಕಮಾನಿನ ಒಂದು ತುದಿ ಮಾತ್ರ ಇಳಿಯುತ್ತೆ. ಎರಡನೇದು, ಆಕ್ಸಲ್‌ಗೂ ಕಮಾನಿಗೂ ನಡುವೆ ಬ್ಲಾಕ್ ಇಟ್ಟು ಉದ್ದನೆ ಯು-ಬೋಲ್ಟ್ ಬಿಗಿಯೋದು. ಹಿಂದಕ್ಕೆ ಸಣ್ಣ ಬ್ಲಾಕ್ ಪರವಾಗಿಲ್ಲ. ಮುಂದಿನ ಆಕ್ಸಲ್‌ಗೆ ಬೇಡವೇ ಬೇಡ, ಬ್ರೇಕ್ ಹಿಡಿದಾಗ ಆಕ್ಸಲ್ ತಿರುಚಿಕೊಳ್ಳುತ್ತೆ, ಬ್ಲಾಕ್ ಜಾರಿದ್ರೆ ಸ್ಟೇರಿಂಗ್ ನಿಮ್ಮ ಕೈಲಿರಲ್ಲ. ಹಿಂದೆ ಜಾಸ್ತಿ ಎತ್ತಿದ್ರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತೆ, 50-60ರ ಸ್ಪೀಡಲ್ಲಿ ನಡುಕ ಶುರುವಾಗುತ್ತೆ, ಕ್ರಾಸ್ ಬೇಗ ಸವೆಯುತ್ತೆ.

ಇದೆಲ್ಲ ದುಡ್ಡಿನ ವಿಷಯ. ಮುಂದಿನದು ಪ್ರಾಣದ್ದು, ಇಯರ್‌ಫೋನ್ ಸರಿ ಮಾಡ್ಕೊಂಡು ಕೇಳಿ.

ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ವಾಲ್ವ್ ಇರುತ್ತೆ, ಗ್ಯಾರೇಜಿನವರು ಎಲ್‌ಎಸ್‌ಪಿವಿ ಅಂತಾರೆ. ಅದರ ಬಾಡಿ ಚಾಸಿಗೆ, ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಆಕ್ಸಲ್‌ಗೆ. ಲೋಡ್ ತುಂಬಿ ಚಾಸಿ ಕುಸಿದಷ್ಟೂ "ಹಿಂದೆ ಭಾರ ಇದೆ" ಅಂತ ತಿಳಿದು ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಹೆಚ್ಚು ಬಿಡುತ್ತೆ. ಖಾಲಿ ಇದ್ದಾಗ ಚಕ್ರ ಲಾಕ್ ಆಗಿ ಗಾಡಿ ತಿರುಗಬಾರದು ಅಂತ ಕಡಿಮೆ ಬಿಡುತ್ತೆ. ಈಗ ನೀವು ಎರಡು ಇಂಚು ಎತ್ತಿಸಿದ್ರಿ, ಇಲ್ಲಾ ಬಿಗಿ ಪಟ್ಟಿ ಹಾಕಿಸಿದ್ರಿ. ನೂರು ಕ್ರೇಟ್ ತುಂಬಿದ್ರೂ ಚಾಸಿ ಮೊದಲಿನಷ್ಟು ಕುಸಿಯಲ್ಲ. ವಾಲ್ವ್ ಪಾಲಿಗೆ ಗಾಡಿ ಖಾಲಿ. ಹಿಂದಿನ ಬ್ರೇಕ್ ಅರೆಬರೆ. ಊರೊಳಗೆ ಗೊತ್ತೇ ಆಗಲ್ಲ. ನಂಗಲಿ ದಾಟಿ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಗೊತ್ತಾಗುತ್ತೆ. ಎತ್ತರ ಬದಲಾದ್ರೆ ಆ ಕಡ್ಡಿಯನ್ನ ಹೊಂದಿಸಲೇಬೇಕು, ಬ್ರೇಕ್ ಪೈಪಿನ ಉದ್ದಾನೂ ನೋಡಬೇಕು. ಎತ್ತಿಸಿಕೊಡ್ತೀವಿ ಅನ್ನೋರನ್ನ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಅವರು "ಅದೆಲ್ಲ ಏನೂ ಆಗಲ್ಲ ಬಾಸು" ಅಂದ್ರೆ ಗಾಡಿ ವಾಪಸ್ ತಿರುಗಿಸಿ.

ಸರಿ, ಟೈರಿಗೆ ಬರೋಣ. ನಿಮ್ಮ ಟೈರ್ ಪಕ್ಕದಲ್ಲಿ 215/75 ಆರ್ 15 ಅಂತ ಇದೆ ಅಂದ್ಕೊಳ್ಳಿ. 215 ಅಂದ್ರೆ ಮಿಲಿಮೀಟರಲ್ಲಿ ಅಗಲ. 75 ಅಂದ್ರೆ ಅಗಲದ ನೂರಕ್ಕೆ 75ರಷ್ಟು ಪಕ್ಕದ ಗೋಡೆಯ ಎತ್ತರ, ಅಂದ್ರೆ 161 ಮಿ.ಮೀ. 15 ಅಂದ್ರೆ ರಿಮ್ ಇಂಚಲ್ಲಿ, 381 ಮಿ.ಮೀ. ಎರಡು ಗೋಡೆ, ಒಂದು ರಿಮ್ ಕೂಡಿಸಿದ್ರೆ ಒಟ್ಟು ವ್ಯಾಸ ಸುಮಾರು 703. ಅದರ ಬದಲು 235/75 ಆರ್ 15 ಹಾಕಿದ್ರೆ 733. ಮೂವತ್ತು ಮಿ.ಮೀ. ದೊಡ್ಡದು, ಆದರೆ ಹೌಸಿಂಗ್ ಏರೋದು ಅದರ ಅರ್ಧ, 15 ಮಿ.ಮೀ. ನಮ್ಮ ಕೇಳುಗರು ಕೇಳಿದ 31 ಇಂಚಿಂದು 787 ಮಿ.ಮೀ., ಹೌಸಿಂಗ್ ಏರೋದು 42. ಅಂದ್ರೆ ಎರಡು ಇಂಚೂ ಇಲ್ಲ. ಅದಕ್ಕೆ ಮಡ್‌ಗಾರ್ಡ್ ಕತ್ತರಿಸಬೇಕು, ಫುಲ್ ಸ್ಟೇರಿಂಗ್ ತಿರುಗಿಸಿದ್ರೆ ಟೈರ್ ಉಜ್ಜುತ್ತೆ, ಅದಕ್ಕೇ ಮತ್ತೆ ಗಾಡಿ ಎತ್ತಿಸಬೇಕು. ಒಂದು ಖರ್ಚು ಇನ್ನೊಂದನ್ನ ಕರಕೊಂಡು ಬರೋದು ಹೀಗೆ.

ರೀಲ್ಸ್ ನೋಡಿ ಟೈರ್ ಕೊಳ್ಳೋರು ಕಲ್ಲು-ಕೆಸರಿನ ಡಿಸೈನ್ ನೋಡ್ತಾರೆ. ನೀವು ಸೈಜಿನ ಪಕ್ಕದ ಪುಟ್ಟ ನಂಬರ್ ನೋಡಿ, ಅದು ಲೋಡ್ ಇಂಡೆಕ್ಸ್. 105 ಅಂದ್ರೆ ಒಂದು ಟೈರ್ 925 ಕೆಜಿ ಹೊರುತ್ತೆ, 109 ಅಂದ್ರೆ 1,030, 112 ಅಂದ್ರೆ 1,120. ಲೋಡ್ ಗಾಡಿಯ ಹಿಂದಿನ ಆಕ್ಸಲ್ ಮೇಲೆ 2,200 ಕೆಜಿ ಕೂತಿದೆ ಅನ್ನಿ, ಒಂದೊಂದು ಟೈರಿಗೆ 1,100. ಆಗ 105ರದ್ದು ಎಷ್ಟೇ ದಪ್ಪ ಗುಂಡಿ ಇರಲಿ, ಎಷ್ಟೇ ಮಾಸ್ ಆಗಿ ಕಾಣಲಿ, ಮೇ ತಿಂಗಳ ಹೈವೇಲಿ ಕಾದು ಸಿಡಿಯೋ ಟೈರ್ ಅದು. ಜೀಪು, ಎಸ್‌ಯುವಿಗಳಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ದೊಡ್ಡ ಟೈರುಗಳ ಸಮಸ್ಯೆ ಇದೇ.

ಗೇರಿನ ವಿಷಯ ಯಾರೂ ಕೇಳಲ್ಲ, ಹಣ ಹೋಗೋದು ಅಲ್ಲೇ. ಚಕ್ರ ದೊಡ್ಡದಾದ್ರೆ ಒಂದು ಸುತ್ತಿಗೆ ಹೆಚ್ಚು ದೂರ, ಅಂದ್ರೆ ಎಲ್ಲ ಗೇರೂ ಸ್ವಲ್ಪ ಸ್ವಲ್ಪ ಮೇಲಿನ ಗೇರಾದ ಹಾಗೆ. ನಿಮ್ಮ ಕ್ರೌನ್-ಪಿನಿಯನ್ 41ಕ್ಕೆ 10 ಹಲ್ಲು, 4.1 ಅಂದ್ಕೊಳ್ಳಿ. 235ರ ಟೈರ್ ಹಾಕಿದ್ರೆ ಅದು 3.93ರ ಹಾಗೆ ನಡಕೊಳ್ಳುತ್ತೆ, ಸಣ್ಣ ವ್ಯತ್ಯಾಸ. 31 ಇಂಚಿಂದು ಹಾಕಿದ್ರೆ 3.66. ಲೋಡ್ ತುಂಬಿ ಕೆರೆ ಕಟ್ಟೆ ಏರಿ ಹತ್ತುವಾಗ ಫಸ್ಟ್ ಗೇರಲ್ಲೂ ಕ್ಲಚ್ ಅರ್ಧ ಒತ್ತಿ ಸುಡಬೇಕಾಗುತ್ತೆ. ಇಳಿಜಾರಲ್ಲಿ ಇಂಜಿನ್ ಹಿಡಿತ ಕಡಿಮೆಯಾಗಿ ಪೂರ್ತಿ ಭಾರ ಬ್ರೇಕ್ ಮೇಲೆ. ಮೊದಲಿನ ಎಳೆತ ವಾಪಸ್ ಬೇಕಂದ್ರೆ 4.6ರ ಹತ್ತಿರದ ಕ್ರೌನ್-ಪಿನಿಯನ್ ಹುಡುಕಬೇಕು. ಅದನ್ನ ಜೋಡಿಯಾಗೇ ಹಾಕಬೇಕು, ಕ್ರೌನ್ ಒಂದು ಗಾಡಿದು ಪಿನಿಯನ್ ಇನ್ನೊಂದರದ್ದು ಆಗಲ್ಲ. ಶಿಮ್ ಕೊಟ್ಟು ಹಲ್ಲುಗಳ ನಡುವಿನ ಸಂದು ಸರಿಯಾಗಿ ಕೂರಿಸೋ ಕೈ ಬೇಕು, ಇಲ್ಲದಿದ್ರೆ ಒಂದೇ ಸೀಸನ್ನಿಗೆ ಊಳಿಡೋಕೆ ಶುರು. ಫೋರ್ ವೀಲ್ ಡ್ರೈವ್ ಇದ್ದರೆ ಮುಂದಿಂದೂ ಹಿಂದಿಂದೂ ಒಂದೇ ಅನುಪಾತ ಇರಲೇಬೇಕು, ಖರ್ಚು ಎರಡರಷ್ಟು.

ನಿಮ್ಮದು ಎಷ್ಟು ಅಂತ ತಿಳಿಯೋಕೆ ಹೌಸಿಂಗ್ ಬಿಚ್ಚಬೇಕಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್ ಮಾಡಿ. ಆ ಚಕ್ರವನ್ನ ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿಮ್ಮ ಅನುಪಾತ. ಶಾಫ್ಟ್ ಮೇಲೆ ಚಾಕ್‌ಪೀಸ್ ಗುರುತು ಹಾಕಿದ್ರೆ ಎಣಿಸೋಕೆ ಸುಲಭ. ಒಬ್ಬರೇ ಮಾಡಬೇಡಿ, ಗಾಡಿ ಕೆಳಗೆ ತಲೆ ಹಾಕಬೇಡಿ.

ಕಾಮರ್ಸ್ ಹುಡುಗನಾಗಿ ನನಗೆ ಇಷ್ಟವಾದದ್ದು ಮೈಲೇಜಿನ ತಮಾಷೆ. ದೊಡ್ಡ ಟೈರ್ ಹಾಕಿದವರೆಲ್ಲ "ಮೈಲೇಜ್ ಬಿದ್ದೋಯ್ತು" ಅಂತಾರೆ. 50 ಲೀಟರಿಗೆ 600 ಕಿ.ಮೀ. ಓಡ್ತಿದ್ದ ಗಾಡಿ, 12 ಬರ್ತಿತ್ತು. 31 ಇಂಚಿನ ಟೈರ್ ಹಾಕಿದ ಮೇಲೆ ನಿಜವಾದ 600 ಕಿ.ಮೀ. ಓಡಿದ್ರೂ ಮೀಟರ್ ತೋರಿಸೋದು ಸುಮಾರು 536. ಭಾಗಿಸಿದ್ರೆ 10.7. ಡೀಸೆಲ್ ಒಂದು ತೊಟ್ಟೂ ಹೆಚ್ಚು ಕುಡಿಯದೇ ಮೈಲೇಜ್ ಬಿದ್ದಂಗೆ ಕಾಣುತ್ತೆ. ನಿಜಕ್ಕೂ ಕುಡಿಯೋದು ಬೇರೆ, ಅದು ಭಾರದ ಟೈರ್ ತಿರುಗಿಸೋಕೆ. ಸ್ಪೀಡೋಮೀಟರೂ ಅಷ್ಟೇ, 60 ತೋರಿಸುವಾಗ ನೀವು 67ರಲ್ಲಿ ಇರ್ತೀರಿ.

ಕಾನೂನು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಓವರ್‌ಲೋಡಿಗೆ ಕಾಯ್ದೆಯಲ್ಲಿರೋದು 20,000, ಮೇಲಿನ ಪ್ರತಿ ಟನ್ನಿಗೆ 2,000. ಎಂಟು ವರ್ಷ ದಾಟಿದ ಲೋಡ್ ಗಾಡಿ ಪ್ರತಿ ವರ್ಷ ಎಫ್‌ಸಿಗೆ ನಿಲ್ಲಬೇಕು. ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಹುಡುಕೋದೂ ಇಂಥದ್ದನ್ನೇ. ಹಳೇ ಕಮಾನಿಗೆ ಕಂಪನಿ ಅಳತೆಯ ಹೊಸ ಕಮಾನು ಹಾಕಿದ್ರೆ ಅದು ರಿಪೇರಿ, ಬದಲಾವಣೆ ಅಲ್ಲ.

ಮುಳಬಾಗಿಲಿನ ತಮ್ಮಾ, ನಿಂಗೆ ನನ್ನ ಉತ್ತರ. ಹಿಂದಿನ ಕಮಾನಿನ ಹೊಸ ಸೆಟ್, ಬುಷ್, ಶಾಕ್ ಅಬ್ಸಾರ್ಬರ್. ಕಂಪನಿ ಹೇಳಿದ ಸೈಜಿನಲ್ಲೇ, ಸಾಕಷ್ಟು ಲೋಡ್ ಇಂಡೆಕ್ಸ್ ಇರೋ ಟೈರ್. ಕ್ರೌನ್-ಪಿನಿಯನ್ ಮುಟ್ಟಬೇಡ. ಎಲ್‌ಎಸ್‌ಪಿವಿ ಒಮ್ಮೆ ಚೆಕ್ ಮಾಡಿಸು. ಇಷ್ಟಾದ ಮೇಲೂ ಹೌಸಿಂಗ್ ತಾಗಿದ್ರೆ ತಪ್ಪು ಗಾಡಿದಲ್ಲ, ದಾರಿದು. ಅಕ್ಕಪಕ್ಕದ ತೋಟದವರು ಸೇರಿ ಆ ನಡುವಿನ ಉಬ್ಬು ಕೆರೆಸಿ, ಎರಡು ಲೋಡ್ ಗರಸು ಹೊಡೆಸಿ ನೋಡಿ, ನಾಲ್ಕು 31 ಇಂಚಿನ ಟೈರಿನ ರೇಟಿಗೆ ಹೋಲಿಸಿ. ಅಪ್ಪ ಬ್ಯಾಡ ಅಂದದ್ದು ಎತ್ತಿಸೋದನ್ನ ಅಲ್ವಾ? ಕಮಾನಿನ ಸೆಟ್ಟಿಗೆ ಬೇಡ ಅನ್ನಲ್ಲ, ಕೇಳಿ ನೋಡು.

ಬೇರೆಯವರು ನಿಮ್ಮ ಗಾಡಿಯ ಖಾಲಿ ಅಳತೆ, ಲೋಡ್ ಅಳತೆ, ಟೈರ್ ಮೇಲಿನ ನಂಬರ್ ಇಷ್ಟನ್ನ ವಾಯ್ಸ್ ನೋಟಲ್ಲಿ ಕಳಿಸಿ. ಮುಂದಿನ ವಾರ ಸೆಕೆಂಡ್ ಹ್ಯಾಂಡ್ ಪಿಕಪ್ ಸಾಲದ ಬಡ್ಡಿ ಲೆಕ್ಕ ಇಟ್ಕೊಂಡು ಬರ್ತೀನಿ.