ಟಿ.ವಿ. ಪಾಠ ಬಂತು, ಮಗು ಕಲಿಯಿತೇ?

ದೂರಶಿಕ್ಷಣಕ್ಕೆ ರೇಡಿಯೋ, ಟಿ.ವಿ., ಮೊಬೈಲ್ ಏನೇ ಬಳಸಲಿ, ವರದಿಯಲ್ಲಿ ಮೊದಲು ಕಾಣುವುದು 'ಇಷ್ಟು ಸೆಟ್ ಕೊಟ್ಟೆವು' ಎಂಬ ಲೆಕ್ಕ. ಅದು ಖರೀದಿಯ ಲೆಕ್ಕ, ಮೌಲ್ಯಮಾಪನ ಅಲ್ಲ. ಯಾರು ಕೂತು ನೋಡಿದರು, ಏನು ಅರ್ಥವಾಯ್ತು, ಯಾರು ಹೊರಗುಳಿದರು ಎಂದು ಕೇಳಬೇಕು.

ಇದಕ್ಕೆ ನಮ್ಮ ರಾಜ್ಯದಲ್ಲೇ ಹಳೆಯ ಉದಾಹರಣೆ ಇದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಉಪಗ್ರಹಕ್ಕಿಂತ ನನಗೆ ಮೆಚ್ಚುಗೆಯಾದದ್ದು ಬೇರೆ: ಸಂಶೋಧಕರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸವಿದ್ದು, ಟಿ.ವಿ. ಬರುವ ಮುಂಚೆ ಜನ ಹೇಗಿದ್ದರು, ಬಂದ ಮೇಲೆ ಹೇಗಾದರು ಎಂದು ನೋಡಿದರು. ಆರೋಗ್ಯ, ಶುಚಿತ್ವದ ವಿಷಯದಲ್ಲಿ ಹೆಂಗಸರು, ಓದುಬರಹ ಬಾರದವರೇ ಹೆಚ್ಚು ತಿಳಿದುಕೊಂಡಿದ್ದರು. ಆದರೆ ಶಾಲೆಗೆ ಸೇರುವ, ಬಿಡುವ ಮಕ್ಕಳ ಸಂಖ್ಯೆಯಲ್ಲಿ ಬದಲಾವಣೆ ಕಾಣಲಿಲ್ಲ. ಎರಡನ್ನೂ ಮುಚ್ಚಿಡದೆ ಬರೆದರು.

2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದಿಂದ ಪಕ್ಕದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠ ಬಂತು. ಆ ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು. ಹಾಗಾಗಿ ಯಂತ್ರದ ಆಯಸ್ಸು, ರಿಪೇರಿ ಖರ್ಚನ್ನೂ ಮೊದಲೇ ಕೇಳಬೇಕು.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ಪಾಠ ಚೆನ್ನಾಗಿದ್ದರೆ ಸಾಲದು, ವೇಳೆಯೂ ಹೊಂದಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲವೆಂದರೆ ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸುವ ಕಾಲ. ಚುಂಚನಕಟ್ಟೆ ನಾಲೆ ಬಯಲಲ್ಲಿ ನಾಟಿ. ದೊಡ್ಡ ಮಕ್ಕಳು ಮನೇಲಿ ಕೂರುವುದೆಲ್ಲಿ? ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಜೇನುಕುರುಬರ ಮಕ್ಕಳು ಮನೆಯಲ್ಲಿ ಆಡುವ ಮಾತಿಗೂ ಪುಸ್ತಕದ ಕನ್ನಡಕ್ಕೂ ದೂರ ಬೇರೆ. ಎದುರಿಗೆ ಟೀಚರ್ ಇದ್ದರೆ ಮಗುವಿನ ಮುಖ ನೋಡಿ ಇನ್ನೊಂದ್ಸಲ ಹೇಳ್ತಾರೆ, ಟಿ.ವಿ. ಹೇಳುವುದಿಲ್ಲ. ಆ ವರ್ಷ 'ವಿದ್ಯಾಗಮ'ದಲ್ಲಿ ಶಿಕ್ಷಕರು ದೇವಸ್ಥಾನದ ಜಗುಲಿ, ಮರದ ನೆರಳಿಗೇ ಹೋಗಿ ಕಲಿಸಿದ್ದು ಇದೇ ಕಾರಣಕ್ಕೆ ಉಪಯೋಗವಾಯ್ತು.

ತಾಯಂದಿರೇ, ನಿಮ್ಮೂರಿಗೆ ಇಂಥ ಯೋಜನೆ ಬಂದರೆ ಸಂಘದ ಸಭೆಯಲ್ಲಿ ಕೇಳಿ: ಮನೆಯ ಮೊಬೈಲ್ ಯಾರ ಕೈಯಲ್ಲಿರುತ್ತೆ, ಮಗನ ಕೈಲೋ, ಮಗಳ ಕೈಲೋ? ಪಾಠದ ಹೊತ್ತಿಗೆ ಕರೆಂಟ್ ಇರುತ್ತಾ? ಅನುಮಾನ ಬಂದರೆ ಮಗು ಯಾರನ್ನು ಕೇಳಬೇಕು? ಹದಿನೈದು ದಿನ ಬಿಟ್ಟು, ನೋಡಿದ ಪಾಠವನ್ನು ಅಜ್ಜಿಗೆ ಹೇಳು ಅನ್ನಿ. ಮಗು ತನ್ನ ಮಾತಿನಲ್ಲಿ ಎಷ್ಟು ಹೇಳಿತು, ಎಲ್ಲಿ ನಿಲ್ಲಿಸಿತು ಎಂಬುದನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಅಧಿಕಾರಿಗಳು ಬಂದಾಗ ಆ ಪುಟವನ್ನೇ ತೋರಿಸಬಹುದು.