ಮಕ್ಕಳು ದೊಡ್ಡವರಾದ ಮೇಲೆ ಲೋಕ ಸುತ್ತಿದ ಗೃಹಿಣಿ

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ ಒಂದು ಗಳಿಗೆ ಬೆನ್ನು ಚಾಚಿದಾಗ ನಿಮಗೂ ಅನಿಸಿದ್ದುಂಟಲ್ಲವೇ? ‘ಮಗ ಕೆಲಸಕ್ಕೆ ಸೇರಿದ, ಮಗಳು ಓದು ಮುಗಿಸಿದಳು. ಇನ್ನು ನಾನೇನು ಮಾಡಲಿ?’ ಅಂತ. ಹುಡುಗಿಯಾಗಿದ್ದಾಗ ಭೂಪಟದ ಮೇಲೆ ಬೆರಳಾಡಿಸಿ ಕಂಡ ಕನಸುಗಳು ಆಗ ಮೆಲ್ಲಗೆ ತಲೆ ಎತ್ತುತ್ತವೆ. ಮರುಕ್ಷಣವೇ ನಮ್ಮ ಬಾಯಿ ನಾವೇ ಮುಚ್ಚಿಕೊಳ್ಳುತ್ತೇವೆ. ‘ನಲವತ್ತೈದಾಯ್ತು, ಈ ವಯಸ್ಸಿನಲ್ಲಿ ಯಾಕ್ರೀ ಇವೆಲ್ಲಾ?’

ಬೆನ್ನಿಗೊಂದು ಚೀಲ ಏರಿಸಿಕೊಂಡು, ಕಡಿಮೆ ಖರ್ಚಿನಲ್ಲಿ, ತಿಂಗಳುಗಟ್ಟಲೆ ಪರದೇಶ ಸುತ್ತುವ ನಡುವಯಸ್ಸಿನ ಹೆಂಗಸರು ಈಗ ಇದ್ದಾರೆ. ಇದೇನೋ ಈ ಕಾಲದ ಹೊಸ ಹುಚ್ಚು ಅಂತ ಮೂಗು ಮುರಿಯಬೇಡಿ. ರೈಲುದಾರಿಯೇ ಅಪರೂಪವಾಗಿದ್ದ 1842ರಲ್ಲಿ, ಇಬ್ಬರು ಮಕ್ಕಳ ತಾಯಿಯೊಬ್ಬಳು ಹೀಗೆಯೇ ಒಂಟಿಯಾಗಿ ಮನೆ ಬಿಟ್ಟು ಹೊರಟಳು. ಆಗ ಅವಳ ವಯಸ್ಸು 44. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಆ ಗೃಹಿಣಿಯ ಹೆಸರು ಈಡಾ ಫೈಫರ್.

ಒಣ ರೊಟ್ಟಿಯ ದಿನಗಳು

ಈಡಾ ಹುಟ್ಟಿದ್ದು 1797ರಲ್ಲಿ, ಬಟ್ಟೆ ವ್ಯಾಪಾರದ ಸಿರಿವಂತರ ಮನೆಯಲ್ಲಿ. ಅಣ್ಣತಮ್ಮಂದಿರ ನಡುವೆ ಬೆಳೆದ ಹುಡುಗಿ. ಅವರಂತೆಯೇ ಗಂಡುಡುಗೆ, ಅವರಂತೆಯೇ ಆಟ. ಅವಳು ಇನ್ನೂ ಚಿಕ್ಕವಳಿರುವಾಗಲೇ ತಂದೆ ತೀರಿಕೊಂಡರು. ತಾಯಿ ಗಂಡುಡುಗೆ ಬಿಡಿಸಿ, ಪಿಯಾನೋ ಮುಂದೆ ಕೂರಿಸಿದರು. ಪಾಠ ತಪ್ಪಿಸಿಕೊಳ್ಳಲು ಈಡಾ ಬೇಕೆಂತಲೇ ಬೆರಳು ಕುಯ್ದುಕೊಳ್ಳುತ್ತಿದ್ದಳಂತೆ!

ಹರೆಯದಲ್ಲಿ ತನಗೆ ಪಾಠ ಹೇಳುತ್ತಿದ್ದ ಮೇಷ್ಟರನ್ನು ಮೆಚ್ಚಿದಳು. ತಾಯಿ ಸುತರಾಂ ಒಪ್ಪಲಿಲ್ಲ. ಕೊನೆಗೆ 1820ರಲ್ಲಿ, ತನಗಿಂತ 24 ವರ್ಷ ದೊಡ್ಡವನಾದ, ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ವಕೀಲನ ಕೈಹಿಡಿದು ಲೆಂಬರ್ಗ್ ಎಂಬ ದೂರದ ಊರಿಗೆ ಹೋದಳು. ಇಂದು ಅದು ಯುಕ್ರೇನ್ ದೇಶದ ಲ್ವೀವ್ ನಗರ.

ಗಂಡ ಪ್ರಾಮಾಣಿಕ. ಅಧಿಕಾರಿಗಳ ಭ್ರಷ್ಟಾಚಾರವನ್ನು ಬಯಲಿಗೆಳೆದ. ಅದೇ ಅವನಿಗೆ ಮುಳುವಾಯಿತು, ಕೆಲಸ ಹೋಯಿತು. ಮುಂದಿನದನ್ನು ನಿಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಇಲ್ಲದ್ದು ಹೊರಗಿನವರಿಗೆ ತಿಳಿಯಬಾರದು, ಮಕ್ಕಳ ಹೊಟ್ಟೆ ತುಂಬಬೇಕು. ಈಡಾ ಯಾರಿಗೂ ಗೊತ್ತಾಗದಂತೆ ಚಿತ್ರಕಲೆ, ಸಂಗೀತದ ಪಾಠ ಹೇಳಿ ನಾಲ್ಕು ಕಾಸು ತಂದಳು. ಬೆರಳು ಕುಯ್ದುಕೊಂಡು ತಪ್ಪಿಸಿಕೊಂಡ ವಿದ್ಯೆಯೇ ಕಷ್ಟಕಾಲಕ್ಕೆ ಕೈಹಿಡಿಯಿತು ನೋಡಿ! ಮಕ್ಕಳ ಮುಂದೆ ಇಡಲು ಒಣ ರೊಟ್ಟಿಯ ಹೊರತು ಬೇರೇನೂ ಇಲ್ಲದ ದಿನಗಳೂ ಇದ್ದವೆಂದು ಮುಂದೆ ಅವಳೇ ಬರೆದುಕೊಂಡಿದ್ದಾಳೆ.

1831ರಲ್ಲಿ ತಾಯಿ ತೀರಿಕೊಂಡಾಗ ಬಂದ ಸ್ವಲ್ಪ ಆಸ್ತಿ ಕೈಗೆ ಆಸರೆಯಾಯಿತು. ಗಂಡನನ್ನು ಲೆಂಬರ್ಗಿನಲ್ಲೇ ಬಿಟ್ಟು, ಮಕ್ಕಳ ಓದಿಗಾಗಿ ವಿಯೆನ್ನಾಕ್ಕೆ ಬಂದಳು. ಕಿರಿಯ ಮಗನ ಆರೋಗ್ಯಕ್ಕೆಂದು ಟ್ರಿಯೆಸ್ಟ್ ಬಂದರಿಗೆ ಹೋದಾಗ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದಳು. ಒಳಗೆ ಮಲಗಿದ್ದ ಆಸೆ ಆಗಲೇ ಎದ್ದು ಕೂತಿತು. ಆದರೂ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲುವವರೆಗೂ ಅವಳು ಕಾದಳು.

ಒಂದು ಸಣ್ಣ ಸುಳ್ಳು

ಹೊರಡುವ ಮುಂಚೆ ಈಡಾ ಉಯಿಲು ಬರೆದಿಟ್ಟಳು. ಹಿಂದಿರುಗದೆ ಹೋದರೆ ಮಕ್ಕಳಿಗೆ ತೊಂದರೆಯಾಗಬಾರದಲ್ಲ! ಬಂಧುಗಳಿಗೆ ‘ಕಾನ್‌ಸ್ಟಾಂಟಿನೋಪಲ್‌ನಲ್ಲಿರುವ ಗೆಳತಿಯನ್ನು ನೋಡಿ ಬರುತ್ತೇನೆ’ ಎಂದಳು. ನಿಜ ಹೇಳಿದ್ದರೆ ಬಿಡುತ್ತಿದ್ದರೇ? ಹೋದದ್ದು ಅಲ್ಲಿಂದಲೂ ಮುಂದೆ, ಜೆರೂಸಲೇಮಿಗೆ, ಈಜಿಪ್ಟಿಗೆ. ವರ್ಷದ ಕೊನೆಗೆ ಕ್ಷೇಮವಾಗಿ ಮರಳಿದಳು. ದಿನಚರಿಯನ್ನು 1844ರಲ್ಲಿ ಪುಸ್ತಕ ಮಾಡಿದಾಗ ತನ್ನ ಹೆಸರು ಹಾಕಿಕೊಳ್ಳಲೂ ಸಂಕೋಚ! ಆದರೆ ಪುಸ್ತಕ ಮಾರಾಟವಾಯಿತು. ಆ ಹಣದಿಂದ ಮರುವರ್ಷ ಐಸ್‌ಲ್ಯಾಂಡ್ ಪ್ರವಾಸ. ಅದಕ್ಕಾಗಿ ಇಂಗ್ಲಿಷ್, ಡೇನಿಷ್ ಭಾಷೆಗಳನ್ನು ಕಲಿತಳು. ಹೋದಲ್ಲೆಲ್ಲಾ ಗಿಡ, ಕೀಟ, ಚಿಟ್ಟೆಗಳನ್ನು ಜೋಪಾನವಾಗಿ ತಂದು ವಸ್ತುಸಂಗ್ರಹಾಲಯಗಳಿಗೆ ಮಾರುತ್ತಿದ್ದಳು. ಗೃಹಿಣಿಯ ಲೆಕ್ಕಾಚಾರ ಎಂದರೆ ಇದು!

1846ರಲ್ಲಿ ಹೊರಟದ್ದು ಭೂಪ್ರದಕ್ಷಿಣೆಗೆ. ಬ್ರೆಜಿಲ್‌ನಲ್ಲಿ ಕಾಡುದಾರಿಯಲ್ಲಿ ನಡೆಯುವಾಗ ಒಬ್ಬ ಚೂರಿ ಹಿಡಿದು ಮೇಲೆ ಬಿದ್ದ. ಈಡಾಳ ಕೈಲಿದ್ದದ್ದು ಬಿಸಿಲಕೊಡೆ. ಅದು ಮುರಿದಾಗ ಜೇಬಿನಲ್ಲಿದ್ದ ಸಣ್ಣ ಚಾಕು ತೆಗೆದು ಹೋರಾಡಿದಳು. ತೋಳಿಗೆ ಎರಡು ಗಾಯ. ದಾರಿಹೋಕರು ಬಂದು ಬಿಡಿಸಿದರು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಪ್ರಯಾಣ ಮುಂದುವರಿಸಿದಳು.

ಟಹೀಟಿ, ಚೀನಾ, ಸಿಂಗಪುರ, ಸಿಲೋನ್ ದಾಟಿ 1847ರಲ್ಲಿ ಕಲ್ಕತ್ತಕ್ಕೆ ಬಂದಳು. ಕಾಶಿ, ಆಗ್ರಾ, ದೆಹಲಿ ನೋಡಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕೋಟಾ, ಇಂದೂರು, ಅಜಂತಾ, ಎಲ್ಲೋರಾ ಮಾರ್ಗವಾಗಿ ಮುಂಬಯಿ ಸೇರಿದಳು. ಆಮೇಲೆ ಬಾಗ್ದಾದ್, ಅಲ್ಲಿಂದ ವ್ಯಾಪಾರಿಗಳ ಹೇಸರಗತ್ತೆಗಳ ಜೊತೆ ಮರಳುಗಾಡಿನ ದಾರಿ. ಇಷ್ಟಕ್ಕೆಲ್ಲ ಅವಳ ಸಾಮಾನು ಎಷ್ಟು ಗೊತ್ತೇ? ನೀರಿಗೊಂದು ಚರ್ಮದ ಚೀಲ, ಬೇಯಿಸಲು ಒಂದು ಪುಟ್ಟ ಪಾತ್ರೆ, ಒಂದು ಹಿಡಿ ಉಪ್ಪು, ಒಂದಿಷ್ಟು ಅಕ್ಕಿ, ರೊಟ್ಟಿ. ಎರಡು ದಿನದ ಮದುವೆಗೆ ನಾವು ಎಷ್ಟು ಪೆಟ್ಟಿಗೆ ಹೊರುತ್ತೇವೆ, ನೆನೆಸಿಕೊಳ್ಳಿ!

ಎರಡನೆಯ ಭೂಪ್ರದಕ್ಷಿಣೆಗೆ ಹೊರಟಾಗ ವಯಸ್ಸು 53. ಸುಮಾತ್ರಾದ ಬಟಕ್ ಜನ ನರಭಕ್ಷಕರೆಂದು ಎಲ್ಲರೂ ಹೆದರಿಸಿದರು. ಈಟಿ ಹಿಡಿದವರು ಸುತ್ತುವರಿದು, ಕತ್ತು ಕುಯ್ದು ತಿನ್ನುತ್ತೇವೆಂದು ಸನ್ನೆ ಮಾಡಿದಾಗ, ಅರೆಬರೆ ಭಾಷೆಯಲ್ಲಿ ಈಡಾ ಹೇಳಿದ್ದಿಷ್ಟು: ನಾನು ಮುದುಕಿ, ನನ್ನ ಮಾಂಸ ಗಟ್ಟಿ, ತಿನ್ನಲಿಕ್ಕೆ ಚೆನ್ನಾಗಿರೋದಿಲ್ಲ! ಅವರು ನಕ್ಕರು, ದಾರಿ ಬಿಟ್ಟರು. ವಯಸ್ಸಾಯಿತೆಂದು ನಾವು ಕೊರಗುತ್ತೇವೆ. ಅವಳಿಗೆ ಆ ವಯಸ್ಸೇ ಗುರಾಣಿಯಾಯಿತು.

ಬರ್ಲಿನ್ನಿನ ಭೂಗೋಳ ಸಂಘ ಅವಳಿಗೆ ಗೌರವ ಸದಸ್ಯತ್ವ ಕೊಟ್ಟಿತು. ಲಂಡನ್ನಿನ ಸಂಘದಲ್ಲಿ ಆಗ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ.

ಅವಳಲ್ಲಿ ಕುಂದಿರಲಿಲ್ಲವೆಂದಲ್ಲ. ಕಂಡ ಜನರನ್ನೆಲ್ಲಾ ವಿಯೆನ್ನಾದ ಮೊಳಕೋಲಿನಿಂದಲೇ ಅಳೆದು, ಹಲವೆಡೆ ಕಟುವಾಗಿ ಬರೆದಳು. ಕೊನೆಯ ಪ್ರವಾಸದಲ್ಲಂತೂ ದುಡುಕಿದಳು. 1857ರಲ್ಲಿ ಮಡಗಾಸ್ಕರ್‌ನ ರಾಣಿಯ ವಿರುದ್ಧ ಸಂಚು ಹೂಡಿದವರ ಜೊತೆ ಸಿಕ್ಕಿಬಿದ್ದಳು. ಜ್ವರದ ಜೌಗುದಾರಿಯಲ್ಲಿ 53 ದಿನ ನಡೆಸಿ ಅವರನ್ನು ದೇಶದಿಂದ ಹೊರಹಾಕಿದರು. ಹಿಡಿದ ಜ್ವರ ಬಿಡಲಿಲ್ಲ. 1858ರ ಅಕ್ಟೋಬರ್‌ನಲ್ಲಿ ವಿಯೆನ್ನಾದ ತಮ್ಮವರ ಮನೆಯಲ್ಲಿ ಕಣ್ಣುಮುಚ್ಚಿದಳು.

ನೀವೂ ಹೊರಡುವುದಾದರೆ

ಈಡಾಳಂತೆ ಪ್ರಾಣ ಪಣಕ್ಕಿಡಬೇಕಾಗಿಲ್ಲ. ಸುಳ್ಳು ಹೇಳಿಯೂ ಹೋಗಬೇಡಿ. ಮನೆಯವರನ್ನು ಕೂರಿಸಿಕೊಂಡು ಮಾತಾಡಿ. ‘ಅಡುಗೆ ಯಾರು ಮಾಡ್ತಾರೆ?’ ಎಂಬ ಪ್ರಶ್ನೆ ಬಂದೇ ಬರುತ್ತೆ. ಎರಡು ತಿಂಗಳು ಮೊದಲೇ ಅನ್ನ, ಸಾರು ಮಾಡೋದನ್ನು ಅವರಿಗೆ ಕಲಿಸಿಬಿಡಿ!

ಮೊದಲ ಪ್ರಯಾಣಕ್ಕೆ ನೇಪಾಳ ಒಳ್ಳೆಯದು. ಭಾರತೀಯರಿಗೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ಬೇರೆ ಬಹುತೇಕ ದೇಶಗಳಿಗೆ ಪಾಸ್‌ಪೋರ್ಟ್ ಬೇಕೇ ಬೇಕು; ಒಮ್ಮೆ ಮಾಡಿಸಿದರೆ ದೊಡ್ಡವರಿಗೆ 10 ವರ್ಷ ನಡೆಯುತ್ತದೆ.

ಚೀಲದ ತೂಕ ನಿಮ್ಮ ತೂಕದ ಹತ್ತನೇ ಒಂದು ಭಾಗದಷ್ಟಿರಲಿ. 60 ಕಿಲೋ ತೂಗುವವರಿಗೆ 6 ಕಿಲೋ. ಹೊರಡುವ ಮೂರು ತಿಂಗಳ ಮುಂಚಿನಿಂದಲೇ ಆ ಚೀಲ ಹೊತ್ತು ನಡೆದು ಅಭ್ಯಾಸ ಮಾಡಿ. ಸಂಕೋಚವಾದರೆ ನಸುಕಿನಲ್ಲಿ ಹೋಗಿ. ಹೊಸ ಷೂ ಹಾಕಿಕೊಂಡು ಎಂದೂ ಹೊರಡಬೇಡಿ, ಗುಳ್ಳೆ ಏಳುತ್ತದೆ. ದಪ್ಪ ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ, ತೆಳುವಾದ ಎರಡು ಮೂರು ಜೊತೆ ಸಾಕು.

ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ಹೆಜ್ಜೆ ಇಡಬೇಡಿ. ಮಾತ್ರೆಗಳನ್ನು ಅವುಗಳ ಪಟ್ಟಿಯಲ್ಲೇ, ಚೀಟಿಯ ಸಮೇತ ಇಟ್ಟುಕೊಳ್ಳಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ದಿನಗಳನ್ನು ನಂಬುವಂತಿಲ್ಲ, ಪ್ಯಾಡು ಜೊತೆಗಿರಲಿ. ಬೆಟ್ಟ ಹತ್ತುವಾಗ ಊರುಗೋಲು ಮಂಡಿಯ ಭಾರ ತಗ್ಗಿಸುತ್ತದೆ. 3,000 ಮೀಟರ್ ಮೇಲೆ, ಹಿಂದಿನ ರಾತ್ರಿ ಮಲಗಿದ್ದ ಜಾಗಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಎತ್ತರದಲ್ಲಿ ಮಲಗಬೇಡಿ. ತಲೆನೋವು, ವಾಂತಿ ಜೋರಾದರೆ ಹಟ ಮಾಡದೆ ಕೆಳಗಿಳಿಯಿರಿ. ಹಣವನ್ನು ಎರಡು ಕಡೆ ಹಂಚಿಡಿ. ಪ್ರವಾಸ ವಿಮೆ ಮಾಡಿಸಿ. ಪ್ರತಿ ರಾತ್ರಿ ಎಲ್ಲಿರುತ್ತೀರೆಂದು ಬರೆದ ಕಾಗದ ಮನೆಯಲ್ಲಿರಲಿ.

ಪರದೇಶ ಆಗದಿದ್ದರೆ ಹೋಗ್ಲಿ ಬಿಡಿ, ಪಕ್ಕದ ಜಿಲ್ಲೆಯಿಂದಲೇ ಶುರು ಮಾಡಿ. ಈಡಾ ಸಮುದ್ರ ನೋಡಿದ್ದೇ ನಡುವಯಸ್ಸಿಗೆ ಬಂದ ಮೇಲೆ. ಮನೆಗಾಗಿ ಇಷ್ಟು ವರ್ಷ ಸವೆಸಿದ ಕಾಲುಗಳಲ್ಲವೇ? ನಿಮ್ಮದೇ ಆದ ನಾಲ್ಕು ಹೆಜ್ಜೆಯನ್ನು ಅವುಗಳಿಗೂ ಒಮ್ಮೆ ಕೊಟ್ಟು ನೋಡಿ.