ಕೋಟೆಯ ಚಿತ್ರದಲ್ಲಿ ಎತ್ತಿಗೇನು ಕೆಲಸ?

ಹಳೇ ಮೈಸೂರು ಸೀಮೆಯ ಬಗ್ಗೆ ಬ್ರಿಟಿಷರು ಬರೆದ ಚಿತ್ರಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದ್ದೀರಾ? ಎಲ್ಲರ ಕಣ್ಣು ಹೋಗೋದು ಕೋಟೆ, ಬೆಟ್ಟದ ಕಡೆಗೆ. ಬಾಶೆಟ್ಟಿಹಳ್ಳಿಯವಳಾದ ನಾನು ಮಾತ್ರ ಎತ್ತು ಹುಡುಕ್ತೀನಿ.

1791ರಲ್ಲಿ ಮದ್ರಾಸಿಗೆ ಬಂದಿಳಿದ ಚಿತ್ರಕಾರ ರಾಬರ್ಟ್ ಹೋಮ್, ಟಿಪ್ಪು ಮೇಲೆ ಯುದ್ಧಕ್ಕೆ ಹೊರಟಿದ್ದ ಕಾರ್ನ್‌ವಾಲಿಸ್ ಸೇನೆಯ ಜೊತೆ ಸೇರಿಕೊಂಡ. ಅವನ ಮೈಸೂರು ದೃಶ್ಯಗಳ ಪುಸ್ತಕ 1794ರಲ್ಲಿ ಅಚ್ಚಾಯಿತು. 1792ರಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಕೂಡ ಈ ಸೀಮೆ ಸುತ್ತಿ ಚಿತ್ರ ಬರೆದರು. ಇಂಗ್ಲೆಂಡಿನಲ್ಲಿ ಆಗ ರಮ್ಯ ನೋಟಗಳ ಹುಚ್ಚು. ಹಿಂದೆ ಬೆಟ್ಟ, ನಡುವೆ ಕೋಟೆ, ಮುಂದೆ ಒಂದಿಷ್ಟು ಜನ, ದನ. ಅಂಥ ಚಿತ್ರದಲ್ಲಿ ದನಕ್ಕಿದ್ದ ಕೆಲಸ, ಕೋಟೆ ಎಷ್ಟು ದೊಡ್ಡದು ಅಂತ ತೋರಿಸೋದು.

ಆದರೆ ಆ ಯುದ್ಧ ನಿಂತಿದ್ದೇ ಎತ್ತಿನ ಹೆಗಲ ಮೇಲೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಆಮೇಲೆ ನಮ್ಮ ಪಕ್ಕದ ದೇವನಹಳ್ಳಿಯೂ ಹೋಯಿತು. ಮೇ ತಿಂಗಳಲ್ಲಿ ಸೇನೆ ಶ್ರೀರಂಗಪಟ್ಟಣದ ಹತ್ತಿರ ಬರುವಷ್ಟರಲ್ಲಿ ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸತ್ತವು. ಎಳೆಯೋಕೆ ಎತ್ತಿಲ್ಲದೆ ದೊಡ್ಡ ತೋಪುಗಳನ್ನು ತಾವೇ ಹಾಳುಮಾಡಿ ಕಾರ್ನ್‌ವಾಲಿಸ್ ಹಿಂದಿರುಗಿದ. ಟಿಪ್ಪುವಿನ ಹತ್ತಿರ ಅಮೃತಮಹಲ್ ದನಗಳಿದ್ದವು. 1799ರ ನಂತರ ಕಂಪನಿಯೂ ಆ ಮಂದೆಯನ್ನು ಬಿಡಲಿಲ್ಲ.

ಆ ತಳಿಯ ಮೂಲ ನಮ್ಮ ಹಳ್ಳಿಕಾರ್. ಉದ್ದ ಮುಖ, ಬೂದು ಮೈ, ಹಿಂದಕ್ಕೆ ಬಾಗಿ ಚೂಪಾಗಿ ಮುಂದಕ್ಕೆ ತಿರುಗುವ ಕೊಂಬು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ಈಗಲೂ ಜೋಡಿ ಜೋಡಿಯಾಗಿ ಸಿಗುತ್ತವೆ. ಚಿತ್ರಕಾರ ಕೊಂಬಿನ ಬಾಗು ನೋಡಿದ. ರೈತ ನೋಡೋದು ಹಲ್ಲು, ಸುಳಿ, ನಡಿಗೆ.

ನಮ್ಮ ಕೊಟ್ಟಿಗೆ ಈಗ ಬೈಕ್ ನಿಲ್ಲಿಸೋ ಜಾಗ. ಸುತ್ತಲೂ ಫ್ಯಾಕ್ಟರಿಗಳು. ತಾತನ ಕೊನೆಯ ಜೋಡಿಯ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಅಜ್ಜಿಯನ್ನು ಕೇಳಿದೆ. "ಎಡಕ್ಕೆ ಕಟ್ಟೋದು ಬೆಳ್ಳ, ಬಲಕ್ಕೆ ಕರಿಯ. ಬೆಳ್ಳನಿಗೆ ಹಣೆ ಮೇಲೆ ಸುಳಿ. ನಿಮ್ಮ ತಾತ ಕೆಮ್ಮಿದ್ರೆ ಸಾಕು ಎದ್ದು ನಿಂತ್ಕೊಳ್ಳೋನು ಕಣಮ್ಮ," ಅಂದರು. ಹೆಸರಿಲ್ಲದ ಎತ್ತುಗಳು ಲಂಡನ್‌ನಲ್ಲಿ ಅಚ್ಚಾಗಿ ಉಳಿದವು. ಹೆಸರಿದ್ದ ನಮ್ಮ ಎತ್ತುಗಳು ಅಜ್ಜಿಯ ನೆನಪಲ್ಲಿ ಮಾತ್ರ ಇದ್ದವು. ಅವರ ಮಾತನ್ನು ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡೆ.

ನಿಮ್ಮನೇಲೂ ಇಂಥ ಒಂದು ಜೋಡಿ ಇದ್ದಿರುತ್ತೆ. ಈ ಭಾನುವಾರ ಊರಿಗೆ ಫೋನ್ ಮಾಡಿ, ಅವುಗಳ ಹೆಸರೇನಿತ್ತು ಅಂತ ಒಮ್ಮೆ ಕೇಳಿ.